ಕೊಡಗಿನ ರಸ್ತೆಯಲ್ಲಿ ಐಷಾರಾಮಿ ಸೆಡಾನ್: ಮಾಲೀಕರು ನಿಜಕ್ಕೂ ಕೇಳುತ್ತಿರುವುದೇನು?

ಕೊಡಗಿನಲ್ಲಿ ದುಬಾರಿ ಸೆಡಾನ್ ಇಟ್ಟುಕೊಂಡವರಲ್ಲಿ ಬಹುತೇಕರ ಮನೆಯಲ್ಲಿ ತೋಟದ ಕೆಲಸಕ್ಕೆಂದು ಜೀಪೋ ಪಿಕಪ್ಪೋ ಬೇರೆಯೇ ಇರುತ್ತದೆ. ಮೈಸೂರು, ಮಂಗಳೂರು, ಬೆಂಗಳೂರಿನ ಪ್ರಯಾಣಕ್ಕೆ, ಮದುವೆಗಳಿಗೆ, ವಯಸ್ಸಾದ ತಂದೆತಾಯಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಸೆಡಾನ್ ಹೊರಬರುತ್ತದೆ. ‘ಈ ರಸ್ತೆಗೆ ಎಸ್‌ಯುವಿ ತೆಗೆದುಕೊಳ್ಳಬಾರದಿತ್ತೇ’ ಎಂಬ ಪ್ರಶ್ನೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮನಿಗೆ ತಲೆಸುತ್ತು ಬಾರದಿರಬೇಕೆಂದರೆ, ಭಾರವೆಲ್ಲ ನೆಲಕ್ಕೆ ಹತ್ತಿರವಿದ್ದು ತಿರುವಿನಲ್ಲಿ ಕಡಿಮೆ ವಾಲುವ ಕಾರೇ ಬೇಕು ಎಂಬುದು ಅದಕ್ಕೆ ನನ್ನ ಉತ್ತರ. ಆದ್ದರಿಂದ ನಮ್ಮ ಕೋರಿಕೆ ಸೆಡಾನನ್ನು ಎಸ್‌ಯುವಿ ಮಾಡಿಕೊಡಿ ಎಂದಲ್ಲ. ಸೆಡಾನ್ ಸೆಡಾನಾಗಿಯೇ ಇದ್ದು ನಮ್ಮ ಮಳೆ, ಮಂಜು, ಹಂಪುಗಳನ್ನು ಬಲ್ಲದ್ದಾಗಿರಲಿ ಎಂಬುದಷ್ಟೇ. ಪರಿಚಿತ ಮಾಲೀಕರೊಡನೆ ಮಾತಿಗೆ ಕುಳಿತಾಗಲೆಲ್ಲ ಬರುವ ಬೇಡಿಕೆಗಳನ್ನು ಒಂದೆಡೆ ಬರೆದಿಡೋಣ ಎನಿಸಿತು.

ಎಲ್ಲರೂ ಮೊದಲು ಎತ್ತುವ ಮಾತು ಕಾರಿನ ಅಡಿ ತಾಗುವುದು. ಈ ವರ್ಗದ ಸೆಡಾನುಗಳ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಅಡಿಗೂ ನಡುವಿನ ಅಂತರ, ಸಾಮಾನ್ಯವಾಗಿ 120ರಿಂದ 150 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ನಾಲ್ಕೈದು ಜನ ಕುಳಿತು ಡಿಕ್ಕಿ ತುಂಬಿದರೆ ಇನ್ನಷ್ಟು ಇಳಿಯುತ್ತದೆ. ಹಾಗೆಂದು ತಪ್ಪೆಲ್ಲವನ್ನೂ ಕಾರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು, 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕಿನಂತೆ ನಿಧಾನವಾಗಿ ಏರಿ ಇಳಿಯಬೇಕು. ಮುಂದಿನ ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರ (ವೀಲ್‌ಬೇಸ್) ಇರುವ ಕಾರು ಅಂಥ ಹಂಪಿನ ನಡುವೆ ನಿಂತಾಗ ನಾಲ್ಕೂ ಚಕ್ರಗಳು ಹಂಪಿನ ಮೇಲೆಯೇ ಇರುತ್ತವೆ. ಲೆಕ್ಕ ಹಾಕಿದರೆ ಚಕ್ರಗಳ ಮಟ್ಟದಿಂದ ಉಬ್ಬು ಏಳುವುದು ಸುಮಾರು 66 ಮಿ.ಮೀ. ಮಾತ್ರ. ಅದನ್ನು ಯಾವ ಸೆಡಾನಾದರೂ ದಾಟೀತು. ಆದರೆ ಊರೂರಿನಲ್ಲಿ ಶಾಲೆಯ ಮುಂದೆ, ಅಂಗಡಿಯ ಮುಂದೆ ಒಂದು ಮೀಟರ್ ಅಗಲಕ್ಕೆ ಗುಪ್ಪೆ ಹಾಕಿದ 15 ಸೆಂ.ಮೀ. ಎತ್ತರದ ಹಂಪಿನಲ್ಲಿ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಸಮನೆಲದಲ್ಲಿರುವಾಗ ಆ 150 ಮಿ.ಮೀ. ಇಡಿಯಾಗಿ ಕಾರಿನ ಹೊಟ್ಟೆಯ ಕೆಳಗೆ ಬಂದು ನಿಲ್ಲುತ್ತದೆ. ಹಿಂದಿನ ಸೀಟಿನವರ ಕಾಲಿಗೆ ಜಾಗ ಹೆಚ್ಚಿಸಲೆಂದು ಭಾರತಕ್ಕಾಗಿಯೇ ವೀಲ್‌ಬೇಸ್ ಉದ್ದ ಮಾಡಿದ ಕಾರುಗಳಿಗೆ ಈ ತೊಂದರೆ ಇನ್ನೂ ಹೆಚ್ಚು. ಕಾಲು ಚಾಚುವ ಸುಖಕ್ಕೆ ಹೊಟ್ಟೆಯಡಿಯ ಗೀರನ್ನು ಬೆಲೆಯಾಗಿ ತೆರಬೇಕಾಗಿದೆ.

ಇದಕ್ಕೆ ಪರಿಹಾರ ಈಗಾಗಲೇ ಇದೆ ಎಂಬುದೇ ಬೇಸರದ ಸಂಗತಿ. ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿಯ ಚೀಲಗಳ ಮೇಲೆ ಕಾರನ್ನು ಕೂರಿಸುವ ಏರ್ಪಾಡು) ಇರುವ ದೊಡ್ಡ ಸೆಡಾನುಗಳು ಒಂದು ಗುಂಡಿ ಒತ್ತಿದರೆ ಕೆಲವು ಸೆಂಟಿಮೀಟರ್ ಮೇಲೇಳುತ್ತವೆ. 2020ರ ಮಾದರಿಯ ಷೆವರ್ಲೆ ಕಾರ್ವೆಟ್‌ನಲ್ಲಂತೂ ಮುಂಭಾಗ ಎತ್ತಬೇಕಾದ ಜಾಗಗಳನ್ನು ಜಿಪಿಎಸ್ ಮೂಲಕ ನೆನಪಿಟ್ಟುಕೊಂಡು, ಸಾವಿರದವರೆಗಿನ ಸ್ಥಳಗಳಲ್ಲಿ ತಾನಾಗಿಯೇ ಎತ್ತುವ ವ್ಯವಸ್ಥೆ ಬಂದಿತ್ತು. ಅದು ಅಮೆರಿಕದ ಸ್ಪೋರ್ಟ್ಸ್ ಕಾರು. ಅಲ್ಲಿ ಇಂಥ ಹಂಪುಗಳು ಎಷ್ಟಿವೆಯೋ ಕಾಣೆ, ಕುಶಾಲನಗರದಿಂದ ಭಾಗಮಂಡಲದವರೆಗಿನ ರಸ್ತೆಗೆ ಮಾತ್ರ ಅದು ಹೇಳಿಮಾಡಿಸಿದಂತಿದೆ. ಒಮ್ಮೆ ತಾಗಿದ ಹಂಪನ್ನು ಕಾರು ಎಂದೆಂದಿಗೂ ಮರೆಯಬಾರದು. ಈ ಒಂದು ಸೌಲಭ್ಯವನ್ನು ಅತಿ ದುಬಾರಿ ಮಾದರಿಗೆ ಮೀಸಲಿಡದೆ ಅದರ ಕೆಳಗಿನ ಮಾದರಿಗಳಿಗೂ ಕೊಟ್ಟರೆ ಹೆಚ್ಚುವರಿ ಹಣ ಕೊಡಲು ನಮ್ಮಲ್ಲಿ ಹಿಂಜರಿಯುವವರು ಕಡಿಮೆ.

ಟೈರಿನ ವಿಷಯದಲ್ಲಿ ನನಗೆ ಇನ್ನೂ ಗಟ್ಟಿಯಾದ ಅಭಿಪ್ರಾಯವಿದೆ. ಟೈರಿನ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು. ಕಿಟ್‌ನಲ್ಲಿರುವ ಅಂಟುದ್ರಾವಣ ಮೊಳೆ ಚುಚ್ಚಿದ ಸಣ್ಣ ತೂತನ್ನು ಮುಚ್ಚೀತೇ ಹೊರತು, ಮಳೆಗಾಲದಲ್ಲಿ ನೀರು ತುಂಬಿ ಕಾಣದಂತಾದ ಗುಂಡಿಯ ಅಂಚಿಗೆ ಬಡಿದು ಪಕ್ಕ ಸೀಳಿದ ಟೈರಿಗೆ ಏನನ್ನೂ ಮಾಡಲಾರದು. ರನ್‌ಫ್ಲಾಟ್ ಟೈರಾದರೆ ಗಾಳಿ ಹೋದ ಮೇಲೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ಹೋಗಬಹುದು ಎನ್ನುತ್ತಾರೆ, ಆದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ದೂರವಿದೆ, ಮತ್ತು ಆ ಅಳತೆಯ ಟೈರು ದಾರಿಯ ಪಂಕ್ಚರ್ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಮಾಕುಟ್ಟದ ಕಾಡಿನ ನಡುವೆ ಮೊಬೈಲಿಗೆ ಸಿಗ್ನಲ್ ಇಲ್ಲದ ಕಡೆ ಟೈರು ಸೀಳಿದರೆ, ಕಂಪನಿಯ ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿಯಿಂದ ಪ್ರಯೋಜನವೇನು? ಡಿಕ್ಕಿಯಲ್ಲಿ ಜಾಗ ಕಡಿಮೆಯಾದರೂ ಚಿಂತೆಯಿಲ್ಲ, ನೆಲದ ಕೆಳಗೆ ಪೂರ್ಣ ಗಾತ್ರದ ಸ್ಟೆಪ್ನಿ ಕೂರುವಂತೆ ವಿನ್ಯಾಸ ಮಾಡಲಿ.

ಇದರ ಜೊತೆಗೇ ಬರುವ ಇನ್ನೊಂದು ಬೇಡಿಕೆ ಚಿಕ್ಕ ರಿಮ್ಮಿನದು. 245/40 ಅಳತೆಯ (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇ. 40) 19 ಇಂಚಿನ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ 98 ಮಿ.ಮೀ.; 225/55 ಅಳತೆಯ 17 ಇಂಚಿನದರಲ್ಲಿ ಸುಮಾರು 124 ಮಿ.ಮೀ. ಹೊರಸುತ್ತಿನ ವ್ಯಾಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಾರಿನ ಎತ್ತರವಾಗಲಿ ಮೀಟರಿನ ವೇಗವಾಗಲಿ ಬದಲಾಗುವುದಿಲ್ಲ, ಗುಂಡಿಯ ಏಟನ್ನು ತಡೆದುಕೊಳ್ಳುವ ರಬ್ಬರು ಮಾತ್ರ ಹೆಚ್ಚುತ್ತದೆ. ಹೀಗಿದ್ದರೂ ಒಳ್ಳೆಯ ಸೀಟು, ಒಳ್ಳೆಯ ದೀಪ ಬೇಕೆಂದು ಮೇಲ್ದರ್ಜೆಯ ಮಾದರಿ ಆರಿಸಿದವನಿಗೆ ದೊಡ್ಡ ರಿಮ್ಮನ್ನೇ ಗಂಟುಹಾಕುವ ಪದ್ಧತಿ ಏಕೆ ಎಂಬುದು ನನಗೆ ಅರ್ಥವಾಗಿಲ್ಲ. ನೋಟಕ್ಕೆ ಚೆಂದ ಎಂಬ ಉತ್ತರ ಶೋರೂಮಿನಲ್ಲಿ ಸಿಕ್ಕೀತು.

ದೀಪದ ಮಾತಿಗೆ ಬಂದರೆ, ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಮಡಿಕೇರಿಯ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಹಗಲಿನಲ್ಲೂ ರಸ್ತೆಗೆ ಇಳಿಯುತ್ತದೆ. ಹೆಡ್‌ಲೈಟಿನ ಬೆಳಕು ಅದಕ್ಕೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂದು ನಮ್ಮಲ್ಲಿ ನಂಬುಗೆ. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವಾದ್ದರಿಂದ ಅವು ಬಣ್ಣ ನೋಡಿ ಚದುರಿಸುವುದಿಲ್ಲ, ಹಳದಿಯಿಂದ ಕಣ್ಣಿಗೆ ಚುಚ್ಚುವುದು ಕೊಂಚ ಕಡಿಮೆಯಾದೀತು ಅಷ್ಟೆ. ನಿಜವಾಗಿ ಕೆಲಸಕ್ಕೆ ಬರುವುದು ದೀಪ ಇರುವ ಜಾಗ: ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರ, ಅಗಲವಾಗಿ ಹರಡಿ ರಸ್ತೆಯ ಅಂಚನ್ನು ತೋರಿಸುವ ಫಾಗ್ ಲ್ಯಾಂಪ್. ಯುರೋಪಿನ ನಿಯಮದಲ್ಲಿ ಹಿಂಬದಿಯ ಫಾಗ್ ಲ್ಯಾಂಪ್ ಕಡ್ಡಾಯ, ಮುಂಬದಿಯದು ಐಚ್ಛಿಕ. ಆ ಸ್ವಾತಂತ್ರ್ಯವನ್ನು ಬಳಸಿಕೊಂಡು ಹೊಸ ಕಾರುಗಳಲ್ಲಿ ಮುಂಬದಿಯದನ್ನು ತೆಗೆದು ಆ ಜಾಗದಲ್ಲಿ ಪ್ಲಾಸ್ಟಿಕ್ಕಿನ ಅಲಂಕಾರ ಕೂರಿಸುತ್ತಿರುವುದು ನಮಗಂತೂ ನಷ್ಟ.

ಇದಕ್ಕಿಂತ ಸಿಟ್ಟು ಬರಿಸುವುದು ಕಾರಿನೊಳಗೆ ಕೈಯಿಂದ ಒತ್ತುವ ಗುಂಡಿಗಳು ಮಾಯವಾಗಿ ಎಲ್ಲವೂ ಪರದೆಗೆ ಹೋದದ್ದು. ತಿರುವಿನಲ್ಲಿ ಎದುರಿನಿಂದ ಬಸ್ಸು ಬರುತ್ತಿರುವಾಗ, ಗಾಜಿನ ಒಳಗೆ ಆವಿ ಕಟ್ಟಿಕೊಂಡಾಗ, ಅದನ್ನು ತೆಗೆಯುವ ಗುರುತು ಪರದೆಯ ಯಾವ ಪುಟದಲ್ಲಿದೆ ಎಂದು ಹುಡುಕುವ ಸ್ಥಿತಿ ಯಾರಿಗೂ ಬೇಡ. ಸೂಚಕ ದೀಪ, ಅಪಾಯದ ದೀಪ, ವೈಪರ್, ಹಾರ್ನ್, ತುರ್ತು ಕರೆ ಇವುಗಳಿಗೆ ಕೈಗೆ ಸಿಗುವ ನಿಜವಾದ ಗುಂಡಿಯೋ ಕಡ್ಡಿಯೋ ಇರಬೇಕೆಂದು, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರ ಮೌಲ್ಯಮಾಪನದಿಂದ ಲೆಕ್ಕಕ್ಕೆ ಹಿಡಿಯುವುದಾಗಿ ಹೇಳಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಅದಕ್ಕೆ ಗಾಜಿನ ಆವಿ ತೆಗೆಯುವುದನ್ನೂ ಫಾಗ್ ಲ್ಯಾಂಪನ್ನೂ ಸೇರಿಸಿ ಎಂಬುದು ಕೊಡಗಿನವರ ವಿನಂತಿ.

ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳ ಬಗ್ಗೆ ನಮ್ಮಲ್ಲಿ ಎರಡು ಮನಸ್ಸಿದೆ. ಬಿಳಿ ಗೆರೆಯೇ ಇಲ್ಲದ ರಸ್ತೆಯಲ್ಲಿ ಲೇನ್ ಕಾಯುವ ವ್ಯವಸ್ಥೆಗೆ ಕೆಲಸವಿಲ್ಲ. ಆದರೆ ತಿತಿಮತಿ, ಸಿದ್ದಾಪುರ ಕಡೆಯವರನ್ನು ಕೇಳಿದರೆ ರಾತ್ರಿ ರಸ್ತೆಯಲ್ಲಿ ಅಲುಗಾಡದೆ ನಿಂತ ಆನೆಯನ್ನು ಮೊದಲೇ ಕಂಡು ಎಚ್ಚರಿಸುವ ಕಾರು ಬೇಕೆನ್ನುತ್ತಾರೆ. ಕಪ್ಪು ರಸ್ತೆ, ಕಪ್ಪು ಕಾಡು, ಕಡು ಬೂದು ಮೈ. ಹತ್ತಿರ ಬರುವವರೆಗೆ ಕಣ್ಣಿಗೆ ತಿಳಿಯುವುದಿಲ್ಲ. ಇದು ಅತಿಯಾಸೆಯಲ್ಲ. ಮೂಸ್ ಎಂಬ ಭಾರಿ ಜಿಂಕೆಯಂಥ ದೊಡ್ಡ ಪ್ರಾಣಿಗಳನ್ನು ಗುರುತಿಸಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ವೋಲ್ವೊ 2016ರ ಹೊತ್ತಿಗೆ ಎಸ್90 ಸೆಡಾನಿನಲ್ಲಿ ತಂದಿತು. ಅದೇ ವ್ಯವಸ್ಥೆ ಆಸ್ಟ್ರೇಲಿಯಾದ ಕಾಂಗರೂಗಳ ಮುಂದೆ ತಡವರಿಸಿತೆಂದು 2017ರಲ್ಲಿ ವರದಿಯಾಯಿತು. ಪ್ರಾಣಿಯ ಕಾಲು ನೆಲ ಮುಟ್ಟಿದ ಜಾಗದಿಂದ ದೂರ ಅಳೆಯುತ್ತಿದ್ದ ಅದಕ್ಕೆ, ಗಾಳಿಯಲ್ಲಿರುವ ಕಾಂಗರೂ ದೂರದಲ್ಲಿದ್ದಂತೆ ತೋರುತ್ತಿತ್ತಂತೆ. ಆನೆ ನೆಗೆಯುವ ಪ್ರಾಣಿಯಲ್ಲ, ಕಲಿಸಿದರೆ ಕಲಿತೀತು. ಒಂದೇ ಷರತ್ತು: ಎಚ್ಚರಿಕೆಯ ಸದ್ದು ಒಳಗಿರುವವರಿಗಷ್ಟೇ ಕೇಳಿಸಲಿ, ಹಾರ್ನ್ ತಾನಾಗಿ ಮೊಳಗದಿರಲಿ.

ಕಾರಿನ ಅಗಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಗೆ ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೋದಾಗ ಓಣಿಯ ಬಾಯಲ್ಲಿಯೇ ಕಾರು ನಿಲ್ಲಿಸಿ ನಡೆಯುವುದು ನಮಗೆ ಅಭ್ಯಾಸವಾಗಿದೆ. ಉದ್ದದ ಮಾತು ಬೇರೆ. ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಚಿಕ್ಕ ಜಾಗದಲ್ಲಿ ಹೊರಳಲೆಂದು ಹಿಂದಿನ ಚಕ್ರಗಳೂ 10 ಡಿಗ್ರಿಯವರೆಗೆ ತಿರುಗುವ ಸೌಲಭ್ಯವಿದೆ. ಹೇರ್‌ಪಿನ್ ತಿರುವುಗಳ ಊರಿನಲ್ಲಿ ಅದು ಎಲ್ಲ ಉದ್ದನೆಯ ಕಾರುಗಳಲ್ಲೂ ಇರಬೇಕಾದದ್ದು.

ಒಳಗಿನ ಮಾತನ್ನು ಮನೆಯ ಹೆಂಗಸರು ನಮಗಿಂತ ಖಚಿತವಾಗಿ ಹೇಳುತ್ತಾರೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ನಾಲ್ಕು ದಿನ ಹೊರತೆಗೆಯದ ಕಾರಿನ ಚರ್ಮದ ಸೀಟಿನ ಮೇಲೆ ಬಿಳಿ ಬೂಷ್ಟು ಹಿಡಿದಿರುತ್ತದೆ. ತಿಳಿಹಳದಿ ಬಣ್ಣದ ಕಾರ್ಪೆಟ್ಟಿಗೆ ಕೆಂಪು ಕೆಸರು ತಾಗಿದರೆ ಹೋಗುವುದಿಲ್ಲ. ಒಳ್ಳೆಯ ಬಟ್ಟೆಯ ಸೀಟನ್ನು ಅಗ್ಗದ್ದೆಂದು ಭಾವಿಸದೆ ಆಯ್ಕೆಯಾಗಿ ಕೊಡಲಿ, ಕಾರು ನಿಂತಿದ್ದಾಗಲೂ ಆಗಾಗ ಒಳಗೆ ಗಾಳಿಯಾಡಿಸುವ ಏರ್ಪಾಡು ಇರಲಿ. ಒದ್ದೆ ಕೊಡೆ ಇಡಲು ನೀರು ಹೊರಹರಿಯುವಂಥ ಜಾಗ ಬಾಗಿಲಲ್ಲೇ ಬೇಕು. ಸ್ಕೋಡಾ ಸೂಪರ್ಬ್‌ನವರು ಅದನ್ನು ಎಂದೋ ಮಾಡಿ ತೋರಿಸಿದ್ದಾರೆ. ಸೀಟು ಬಿಸಿ ಮಾಡುವ ಸೌಲಭ್ಯವನ್ನು ಭಾರತ ಸೆಕೆಯ ದೇಶವೆಂದು ಹಲವು ಮಾದರಿಗಳಿಂದ ಕೈಬಿಡುತ್ತಾರೆ. ಮಡಿಕೇರಿಯ ಜನವರಿಯ ಬೆಳಗಿನಲ್ಲಿ ಮಂಡಿನೋವಿನ ಹಿರಿಯರನ್ನು ಕೂರಿಸಿಕೊಂಡು ಹೊರಟು ನೋಡಲಿ.

ಇಷ್ಟೆಲ್ಲ ಸೇರಿಸಿದರೆ ಬೆಲೆ ಏರುತ್ತದೆ ಎನ್ನುವುದಾದರೆ, ಬಿಟ್ಟುಕೊಡಲು ನಮ್ಮ ಹತ್ತಿರ ಉದ್ದದ ಪಟ್ಟಿಯೇ ಇದೆ. ಒಳಗಿನ 64 ಬಣ್ಣದ ಬೆಳಕು, ಮುಂದಿನ ಪ್ರಯಾಣಿಕನ ಎದುರಿನ ಮೂರನೆಯ ಪರದೆ, ಕೈ ಬೀಸಿದರೆ ಹಾಡು ಬದಲಿಸುವ ಕ್ಯಾಮೆರಾ, ಸೆಂಟಿನ ಬಾಟಲಿ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳಲಿ. ಮೊದಲು ಬಂದು ಸೇರಬೇಕಾದದ್ದು ಯಾವುದೆಂದು ಕೇಳಿದರೆ ನನ್ನ ಮತ ಸ್ಟೆಪ್ನಿಗೆ, ಮನೆಯವರದು ಕೊಡೆಯ ಜಾಗಕ್ಕೆ. ಹಂಪನ್ನು ನೆನಪಿಟ್ಟುಕೊಳ್ಳುವ ಸಸ್ಪೆನ್ಷನ್ನಿಗೆ ಇಬ್ಬರದೂ ಎರಡನೆಯ ಮತ.