ಭಿಶಿ ರೊಕ್ಕದಲ್ಲಿ ಬಾದಾಮಿ, ಪಂಢರಪುರ

ಮೊನ್ನೆ ಭಾನುವಾರ ನಾವು ನಾಲ್ಕು ಜನ ಬಾದಾಮಿಗೆ ಹೋಗಿ ಬಂದೆವು. ಒಟ್ಟು ಖರ್ಚು 640 ರೂಪಾಯಿ. ರೈಲು, ಬಸ್ಸು, ಟಂಟಂ ಎಲ್ಲ ಸೇರಿ 300. ಗುಹೆ ನೋಡಲು ದೊಡ್ಡವರು ಮೂವರಿಗೆ ತಲಾ 25ರಂತೆ 75. ಅಲ್ಲೇ ಹತ್ತಿರದ ಬನಶಂಕರಿ ಗುಡಿಯ ಬಳಿ ಊಟ 200. ಚಹಾ, ಮಂಡಕ್ಕಿ 65. ಮಗನಿಗೆ ಹದಿಮೂರು ವರ್ಷ. ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ರಾತ್ರಿ ಮನೆಗೆ ಬಂದಾಗ ಎದುರು ಮನೆಯವರು ಕಟ್ಟೆಯ ಮೇಲೆ ಕೂತಿದ್ದರು. "ಏನ್ರೀ ಅಕ್ಕಾರ, ತಿಂಗಳಿಗೊಮ್ಮೆ ಊರು ತಿರಗತೀರಿ. ಅಷ್ಟ ರೊಕ್ಕ ಎಲ್ಲಿಂದ ತರತೀರಿ?" ಎಂದು ಕೇಳಿದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಅವರಿಗೂ ಹೋಗುವ ಆಸೆ ಇದೆ ಅಂತ ಗೊತ್ತಾಯಿತು. ಅಲ್ಲೇ ಕೂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗದಗ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ತಿಂಗಳಿಗೆ 13,000. ನಮ್ಮ ಮನೆಯವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾರೆ. ಅವರಿಗೆ 17,000. ಬೆಟಗೇರಿಯಲ್ಲಿ ಬಾಡಿಗೆ ಮನೆ. ನಾವಿಬ್ಬರು, ಮಗ, ಮತ್ತು ನಮ್ಮ ಅತ್ತಿ. ಬಾಡಿಗೆ, ಕಿರಾಣಿ, ಮಗನ ಫೀ, ಅತ್ತಿಯ ಬಿಪಿ ಗುಳಿಗೆ, ಗ್ಯಾಸು ಎಲ್ಲ ಕಳೆದರೆ ಉಳಿಯುವುದು ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲು ನಮಗೂ ಪ್ರವಾಸ ಅಂದರೆ ವರ್ಷಕ್ಕೊಮ್ಮೆ ಮಾಡುವ ದೊಡ್ಡ ಕಾರ್ಯ. ಮಗ ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಟ್ರಾವೆಲ್ಸ್‌ನವರ ಪ್ಯಾಕೇಜಿನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತ ಹೋಗಿದ್ದೆವು. ಒಟ್ಟು 15,000 ಕೊಟ್ಟೆವು. ಅಂಗಡಿ ಮಾಲೀಕರ ಹತ್ತಿರ ಮುಂಗಡ ತೆಗೆದುಕೊಂಡಿದ್ದೆ, ಐದು ತಿಂಗಳು ಪಗಾರದಲ್ಲಿ ಮುರಿದುಕೊಂಡರು. ಬೇಲೂರಿನಲ್ಲಿ ನಮಗೆ ಸಿಕ್ಕಿದ್ದು 40 ನಿಮಿಷ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಒಂದು ಕಂಬದ ಮುಂದೆಯೇ 40 ನಿಮಿಷ ನಿಲ್ಲಬಹುದು. ದರ್ಪಣ ಸುಂದರಿ ಎಲ್ಲಿದ್ದಾಳೆ ಅಂತ ಮಗನಿಗೆ ತೋರಿಸುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅದೇ ದಿನ ಸಂಜೆ ಯಾವುದೋ ಸೀರೆ ಅಂಗಡಿಯ ಮುಂದೆ ಬಸ್ಸು ಎರಡು ತಾಸು ನಿಂತಿತು. ನನಗೆ ಅಳು ಬಂದಿತ್ತು. ದುಡ್ಡು ಹೋಗಿದ್ದಕ್ಕಿಂತ ಆ ಗುಡಿಯನ್ನು ಸರಿಯಾಗಿ ನೋಡಲಿಲ್ಲವಲ್ಲ ಅನ್ನುವ ಸಂಕಟ ಜಾಸ್ತಿ.

ಆಮೇಲೆ ಎರಡು ವರ್ಷ ಎಲ್ಲಿಗೂ ಹೋಗಲಿಲ್ಲ.

ಮತ್ತೆ ಶುರುವಾಗಿದ್ದು ಲಕ್ಕುಂಡಿಯಿಂದ. ಗದಗದಿಂದ ಬರೀ 12 ಕಿಲೋಮೀಟರ್. ಮದುವೆಯಾಗಿ ಹಾವೇರಿ ಕಡೆಯಿಂದ ಇಲ್ಲಿಗೆ ಬಂದು ಹನ್ನೆರಡು ವರ್ಷವಾಗಿದ್ದರೂ ನಾನು ನೋಡಿರಲಿಲ್ಲ. ಒಂದು ಭಾನುವಾರ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಜನ ಹೇಳುವ ಊರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಿದೆವು. ಕಾಶಿ ವಿಶ್ವನಾಥ ಗುಡಿಯ ಬಾಗಿಲ ಚೌಕಟ್ಟನ್ನು ನಮ್ಮ ಮನೆಯವರು ಅರ್ಧ ತಾಸು ನೋಡಿದರು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ಅಂಚಿಗೆ ಬಳ್ಳಿ ಕೂಡಿಸುವ ಕೆಲಸ ಅವರದು. "ಇಷ್ಟು ಸಣ್ಣ ಬಳ್ಳಿ ನಾವು ಕಾಗದದ ಮ್ಯಾಲೂ ತೆಗೆಯೂದಿಲ್ಲ" ಅಂದರು. ಮುಸುಕಿನ ಬಾವಿಯ ಮೆಟ್ಟಿಲ ಹತ್ತಿರ ಕೂತು ಬುತ್ತಿ ಬಿಚ್ಚಿದೆವು. ಯಾರೂ ಹಾರ್ನ್ ಹೊಡೆಯಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. 200 ರೂಪಾಯಿ ಕೂಡ ಆಗಿರಲಿಲ್ಲ. ಅವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಪ್ರವಾಸದ ಖಾತೆ ತೆರೆದೆ.

ಈಗ ತಿಂಗಳಿಗೆ 900 ತೆಗೆದಿಡುತ್ತೇನೆ. ಅದರಲ್ಲಿ 400 ಡಬ್ಬಿಗೆ, 500 ಭಿಶಿಗೆ. ನಮ್ಮ ಓಣಿಯಲ್ಲಿ ಹನ್ನೆರಡು ಹೆಣ್ಣುಮಕ್ಕಳು ಸೇರಿ ಭಿಶಿ ಮಾಡುತ್ತೇವೆ. ಬೇರೆ ಕಡೆ ಇದಕ್ಕೇ ಚೀಟಿ ಅನ್ನುತ್ತಾರೆ. ತಿಂಗಳಿಗೆ ಒಬ್ಬರಿಗೆ 6,000 ಬರುತ್ತದೆ. ಜೂನ್ ತಿಂಗಳ ಭಿಶಿಗೆ ಎಲ್ಲರೂ ಕೈ ಎತ್ತುತ್ತಾರೆ. ಶಾಲೆ ಶುರು, ಹೊಲ ಇದ್ದವರಿಗೆ ಬಿತ್ತನೆ. ನವೆಂಬರ್ ತಿಂಗಳದ್ದನ್ನು ಅಷ್ಟಾಗಿ ಯಾರೂ ಕೇಳುವುದಿಲ್ಲ. ಅದನ್ನು ನನಗೆ ಕೊಡಿ ಅಂತ ಮೊದಲೇ ಹೇಳಿಟ್ಟಿದ್ದೇನೆ. ನಮ್ಮ ಕಡೆ ಬಿಸಿಲು ಇಳಿದು ತಿರುಗಾಡಲು ಹಿತವಾಗುವುದೂ ಆಗಲೇ. ಡಬ್ಬಿಯ ರೊಕ್ಕ ತಿಂಗಳ ಸಣ್ಣ ಪ್ರವಾಸಕ್ಕೆ, ಭಿಶಿಯ ರೊಕ್ಕ ವರ್ಷದ ದೊಡ್ಡ ಪ್ರವಾಸಕ್ಕೆ. ಒಂದು ತಿಂಗಳು ಹೋಗದೆ ಇದ್ದರೆ ಡಬ್ಬಿಯಲ್ಲಿ 800 ಆಗುತ್ತದೆ. ಬಾದಾಮಿಯಂಥ ಊರು ಆಗ. ಬರೀ 400 ಇದ್ದರೆ ಡಂಬಳ, ಲಕ್ಷ್ಮೇಶ್ವರ, ಮಾಗಡಿ ಕೆರೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಲೆಕ್ಕವೇ ಬದಲಾಯಿತು. ನನಗೂ ಅತ್ತಿಗೂ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಅಪ್ಪ ಮಗ ಇಬ್ಬರದ್ದೇ ಖರ್ಚು. ಆದರೆ ಸಾದಾ ಬಸ್ಸು, ವೇಗದೂತ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ರಾಜ್ಯದ ಗಡಿ ದಾಟುವ ಹಾಗೂ ಇಲ್ಲ. ನನಗೆ ಇದರಿಂದ ಆದ ದೊಡ್ಡ ಉಪಕಾರ ದುಡ್ಡಿನದ್ದಷ್ಟೇ ಅಲ್ಲ. ಮೊದಲು ಅತ್ತಿ "ನನ್ನ ಟಿಕೆಟ್ ಖರ್ಚು ಯಾಕ, ನೀವು ಹೋಗಿ ಬರ್ರಿ" ಅಂತ ಮನೆಯಲ್ಲೇ ಉಳಿಯುತ್ತಿದ್ದರು. ಈಗ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾರೆ.

ಕಡಿಮೆ ಖರ್ಚಿನಲ್ಲಿ ತಿರುಗಾಡುವವರಿಗೆ ನಾನು ಒತ್ತಿ ಹೇಳುವ ಮಾತು ಒಂದಿದೆ. ನನ್ನ ನೋಟ್‌ಬುಕ್ ನೋಡಿದರೆ ಟಿಕೆಟ್ಟಿಗೆ ಹೋದ ರೊಕ್ಕ ಯಾವತ್ತೂ ಹೊರೆ ಅನ್ನಿಸಿಲ್ಲ. ಹೊರೆಯಾಗಿದ್ದು ತಡವಾದಾಗ ಮತ್ತು ಹಸಿದಾಗ. ಪಟ್ಟದಕಲ್ಲಿಗೆ ಮೊದಲ ಸಲ ಹೋದಾಗ ಹೀಗೇ ಆಯಿತು. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ನೋಡುತ್ತಾ ಮೈಮರೆತೆವು. ಗಂಡ ವಿಕ್ರಮಾದಿತ್ಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿಸಿದ್ದು ಅಂತ ಮಗ ಪುಸ್ತಕದಲ್ಲಿ ಓದಿದ್ದ, ಕಲ್ಲಿನ ಮೇಲಿನ ಕಥೆಗಳನ್ನು ಹುಡುಕಿ ಹುಡುಕಿ ತೋರಿಸುತ್ತಿದ್ದ. ಹೊರಗೆ ಬಂದಾಗ ಬಾದಾಮಿಯ ಬಸ್ಸು ಹೋಗಿತ್ತು. ಇನ್ನೊಂದಕ್ಕೆ ಕಾದರೆ ಗದಗದ ರೈಲು ಸಿಗುವುದಿಲ್ಲ. 22 ಕಿಲೋಮೀಟರಿಗೆ ಗಾಡಿ ಮಾಡಿಕೊಂಡು 900 ಕೊಟ್ಟೆವು. ಎರಡು ತಿಂಗಳ ಡಬ್ಬಿ ಒಂದು ತಾಸಿನಲ್ಲಿ ಖಾಲಿ.

ಅಂದಿನಿಂದ ಬಸ್ಸು ಇಳಿದ ಕೂಡಲೇ ಕಂಟ್ರೋಲರ್ ಹತ್ತಿರ ಹೋಗಿ ಮರಳಿ ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳುತ್ತೇನೆ. ಸಣ್ಣ ಊರಾದರೆ ಸ್ಟ್ಯಾಂಡಿನ ಚಹಾದಂಗಡಿಯವರನ್ನು ಕೇಳುತ್ತೇನೆ. ಅವರ ಮಾತು ಸುಳ್ಳಾಗಿದ್ದು ಕಡಿಮೆ. ನಾವು ಹಿಡಿಯುವುದು ಕೊನೆಯ ಬಸ್ಸಿನ ಹಿಂದಿನ ಬಸ್ಸನ್ನು. ಒಂದು ದಿನಕ್ಕೆ ಒಂದೇ ಊರು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನ ಮುಗಿಸಬೇಕು ಅಂದರೆ ಗಾಡಿ ಮಾಡಲೇಬೇಕು. ಮೂರು ಸಲ ಹೋದರೆ ಗಾಡಿ ಬೇಡ. ಹೆಂಗಿದ್ದರೂ ಆ ಗುಡಿಗಳು ಎಲ್ಲಿಗೂ ಹೋಗುವುದಿಲ್ಲ ಅಲ್ವಾ?

ಇನ್ನು ಊಟ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ. ಎರಡು ದಿನವಾದರೂ ಕೆಡುವುದಿಲ್ಲ. ಅಲ್ಲಿ ಮೊಸರು ಕೊಂಡರೆ ಊಟ ಪೂರ್ತಿ. ಬಾದಾಮಿಯಲ್ಲಿ ಮಾತ್ರ ಬುತ್ತಿಯ ಚೀಲ ಬಿಗಿಯಾಗಿ ಹಿಡಿದುಕೊಳ್ಳಿ, ಮಂಗಗಳು ಕಸಿದುಕೊಳ್ಳುತ್ತವೆ. ಬನಶಂಕರಿಗೆ ಹೋಗುವ ದಿನ ನಾವು ಬೆಳಗಿನ ತಿಂಡಿಗೆ ಅವಲಕ್ಕಿ ಅಷ್ಟೇ ಒಯ್ಯುತ್ತೇವೆ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಕೈಯ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು ಬಿಟ್ಟು ಬರಲು ಮನಸ್ಸು ಆಗುವುದಿಲ್ಲ. ಆ 200 ರೂಪಾಯಿ ಉಳಿಸಬೇಕು ಅಂತ ನಾನು ಒಮ್ಮೆಯೂ ಯೋಚಿಸಿಲ್ಲ. ದಿನವಿಡೀ ರೊಟ್ಟಿ ಬಡಿದು ಹೊತ್ತು ತಂದವರ ಜೊತೆ ಚೌಕಾಶಿಯನ್ನೂ ಮಾಡುವುದಿಲ್ಲ.

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗಿ. ಶಿರಹಟ್ಟಿ ತಾಲ್ಲೂಕಿನಲ್ಲಿದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸೇರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗು ಜಾಗ, ಅನ್ನುವ ಮಾನ್ಯತೆ ಸಿಕ್ಕಿತು. ನೋಡಲು ಗಲಾಟೆ ಮಾಡದೆ ಕೂರುವ ತಾಳ್ಮೆ ಇದ್ದರೆ ಸಾಕು.

ಕಳೆದ ವರ್ಷದ ಭಿಶಿಯಲ್ಲಿ ಪಂಢರಪುರಕ್ಕೆ ಹೋದೆವು. ಅತ್ತಿಗೆ ಈಗ ಅರವತ್ತೆಂಟು. ಅವರ ತವರಿನಲ್ಲಿ ವಿಠ್ಠಲನ ಭಜನೆ ಇತ್ತಂತೆ. ಭಜನೆ ಮಾಡುತ್ತಾ ಪಂಢರಪುರಕ್ಕೆ ನಡೆದು ಹೋಗುವ ದಿಂಡಿ ಹೊರಟಾಗ ಇವರನ್ನು ಸಣ್ಣವಳು ಅಂತ ಬಿಟ್ಟು ಹೋಗುತ್ತಿದ್ದರಂತೆ. ದೊಡ್ಡವರಾದ ಮೇಲೆ ಮದುವೆ, ಮಕ್ಕಳು, ಮಗ್ಗ. ಹೋಗುವುದು ಆಗಲೇ ಇಲ್ಲ.

ಮೈಸೂರಿನಿಂದ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಗದಗದ ಮೇಲೆ ಹಾದು ನೇರ ಪಂಢರಪುರಕ್ಕೇ ಹೋಗುತ್ತದೆ. ಎಲ್ಲೂ ಇಳಿದು ಹತ್ತುವ ತ್ರಾಸಿಲ್ಲ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಅದಕ್ಕೇ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿ ಆ ದಿನವೇ ಸ್ಲೀಪರ್ ಟಿಕೆಟ್ ಮಾಡಿಸಿದೆ. ಹಿರಿಯರಿಗೆ ಇದ್ದ ರಿಯಾಯಿತಿ 2020ರಲ್ಲೇ ನಿಂತುಹೋಗಿದೆ. ಆದರೂ ಬೇಗ ಮಾಡಿಸಿದ್ದಕ್ಕೆ ಅತ್ತಿಗೆ ಕೆಳಗಿನ ಬರ್ತ್ ಸಿಕ್ಕಿತು. ಕಾರ್ತಿಕ ಏಕಾದಶಿಗೆ ಹೋಗಲಿಲ್ಲ. ಆಗ ಲಕ್ಷಗಟ್ಟಲೆ ಜನ ಸೇರುತ್ತಾರೆ, ಉಳಿಯಲು ಜಾಗ ಸಿಗುವುದು ಕಷ್ಟ. ಅದು ಮುಗಿದು ಎರಡು ವಾರದ ಮೇಲೆ ಹೋದೆವು. ಒಂದು ಧರ್ಮಶಾಲೆಯಲ್ಲಿ ಕೋಣೆ ಸಿಕ್ಕಿತು. ಚಾಪೆ, ಫ್ಯಾನು, ಬಕೆಟ್ ನೀರು. ನಮಗೆ ಅಷ್ಟು ಸಾಕು.

ಪಂಢರಪುರದಲ್ಲಿ ಎರಡು ಸರತಿ. ದೂರದಿಂದ ಮುಖ ನೋಡಿ ಹೋಗುವ ಸರತಿ ಬೇಗ ಸಾಗುತ್ತದೆ. ಪಾದ ಮುಟ್ಟಿ ನಮಸ್ಕಾರ ಮಾಡಬೇಕು ಅಂದರೆ ತುಂಬಾ ಹೊತ್ತು ಕಾಯಬೇಕು. ಅತ್ತಿಗೆ ಮೊಣಕಾಲು ನೋವು. ಮುಖ ದರ್ಶನ ಸಾಕಲ್ಲ ಅಂತ ನಮ್ಮ ಮನೆಯವರು ಕೇಳಿದರು. "ಇಷ್ಟ ವರ್ಷ ಕಾದೀನಿ. ಇನ್ನ ನಾಲ್ಕ ತಾಸು ಕಾಯಾಕ ಆಗೂದಿಲ್ಲೇನು?" ಅಂದರು. ನಾಲ್ಕು ತಾಸು ಕಾದೆವು. ನಡುನಡುವೆ ನೆಲದ ಮೇಲೆ ಕೂತು, ಎದ್ದು, ಮತ್ತೆ ಕೂತು. ಕೊನೆಗೆ ಅತ್ತಿ ವಿಠ್ಠಲನ ಪಾದದ ಮೇಲೆ ತಲೆ ಇಟ್ಟರು. ಹೊರಗೆ ಬಂದ ಮೇಲೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಚಂದ್ರಭಾಗಾ ದಂಡೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ನಾಲ್ಕು ತಾಸು ನಿಲ್ಲುವ ಬಿಡುವು ಯಾವ ಪ್ಯಾಕೇಜಿನಲ್ಲೂ ನಮಗೆ ಸಿಗುತ್ತಿರಲಿಲ್ಲ. ಟಿಕೆಟ್, ಕೋಣೆ, ಊಟ, ಪ್ರಸಾದ, ಮಗನಿಗೆ ಒಂದು ಜೋಡಿ ತಾಳ ಎಲ್ಲ ಸೇರಿ 5,400 ಆಯಿತು. ಉಳಿದ 600 ಡಬ್ಬಿಗೆ ಹಾಕಿದೆ.

ಈ ಸಲದ ಭಿಶಿಗೆ ಗೋಕರ್ಣ ಅಂತ ಅತ್ತಿಯೇ ಹೇಳಿದ್ದಾರೆ. ಅವರು ಇನ್ನೂ ಸಮುದ್ರ ನೋಡಿಲ್ಲ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿಯಲ್ಲಿ ಪೂರ್ತಿ ನಮ್ಮ ರಾಜ್ಯದೊಳಗೇ ಹೋಗಬಹುದು. ಹೀಗಾಗಿ ನನಗೂ ಅವರಿಗೂ ಶೂನ್ಯ ಟಿಕೆಟ್. ಅರಬೈಲ್ ಘಟ್ಟದಲ್ಲಿ ಅವರಿಗೆ ವಾಂತಿ ಬರಬಾರದು ಅಂತ ಬಸ್ಸಿನ ಮುಂದಿನ ಸೀಟು ಹಿಡಿಯಬೇಕು, ನಿಂಬೆಹಣ್ಣು ಒಯ್ಯಬೇಕು. ಎದುರು ಮನೆಯವರೂ ಬರುತ್ತೇವೆ ಅಂದಿದ್ದಾರೆ. ನಿನ್ನೆ ಸಂಜೆ ಒಂದು ಹೊಸ ನೋಟ್‌ಬುಕ್ ತಂದು ತೋರಿಸಿದರು. ಮೊದಲ ಪುಟದಲ್ಲಿ "ಡಬ್ಬಿ, 100" ಅಂತ ಬರೆದಿದ್ದರು.