ನಾಲ್ಕು ಏಟು, ಹದಿನಾರು ಮಾತ್ರೆ

ಶಿರಸಿ, 11 ಆಗಸ್ಟ್ 2025, ಸೋಮವಾರ

ಆಶ್ಲೇಷಾ ಮಳೆ ಬಿಡುವು ಕೊಟ್ಟಿಲ್ಲ. ತೋಟಕ್ಕೆ ಇನ್ನೊಂದು ಸಲ ಮದ್ದು ಹೊಡೆಯಬೇಕಾದವರು ಆಕಾಶ ನೋಡುತ್ತಿದ್ದಾರೆ. ಯಕ್ಷಗಾನ ಮೇಳಗಳು ಮನೆ ಸೇರಿ, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೂಟಗಳ ಹಂಗಾಮು ನಡೆದಿದೆ. ಇವತ್ತಿನ ಟಿಪ್ಪಣಿ ಮಾತ್ರ ನ್ಯೂಯಾರ್ಕಿನ ಬ್ರಾಂಕ್ಸ್‌ನಿಂದ ಶುರುವಾಗಬೇಕು, ಯಾಕೆಂದರೆ ಹಿಪ್ ಹಾಪ್ ಸಂಗೀತ ಹುಟ್ಟಿತು ಎಂದು ಎಲ್ಲರೂ ಎಣಿಸುವ ದಿನ ಇದು.

1973ರ ಆಗಸ್ಟ್ 11. ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಕೂಡಿಸಲು ಪಾರ್ಟಿ ಇಟ್ಟಳು. ಪ್ರವೇಶ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕಿದವನು ಅವಳ ಅಣ್ಣ ಕ್ಲೈವ್, ಆಗ 18 ವರ್ಷ. ಡಿಜೆ ಕೂಲ್ ಹರ್ಕ್ ಎಂದು ಹೆಸರಾದದ್ದು ಅವನೇ. ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಬೀದಿಯಲ್ಲಿ ದೊಡ್ಡ ಸ್ಪೀಕರು ನಿಲ್ಲಿಸಿ, ಹಾಡಿನ ಮೇಲೆ ಮೈಕಿನಲ್ಲಿ ಮಾತು ಪೋಣಿಸುವ ರೂಢಿಯನ್ನು ಅಲ್ಲಿ ಕಂಡು ಬಂದವನು.

ಹರ್ಕ್ ಗಮನಿಸಿದ್ದು ಒಂದು ಸಂಗತಿ. ಕುಣಿಯುವವರು ಇಡೀ ಹಾಡಿಗೆ ಕಾಯುವುದಿಲ್ಲ, ಬ್ರೇಕ್ ಬರಲಿ ಎಂದು ಕಾಯುತ್ತಾರೆ. ಬ್ರೇಕ್ ಅಂದರೆ ಹಾಡು ನಿಂತು, ಉಳಿದ ವಾದ್ಯಗಳೂ ಸರಿದು, ಡ್ರಮ್ ಒಂದೇ ಉಳಿಯುವ ಜಾಗ. ಭಾಗವತರು ಪದ ನಿಲ್ಲಿಸಿ ಚಂಡೆ, ಮದ್ದಳೆಗೆ ಬಿಟ್ಟುಕೊಟ್ಟಾಗ ವೇಷಧಾರಿಯ ಕುಣಿತ ಏರುತ್ತದಲ್ಲ, ಹಾಗೆ. ಆದರೆ ರೆಕಾರ್ಡಿನಲ್ಲಿ ಅದು ಹತ್ತಿಪ್ಪತ್ತು ಸೆಕೆಂಡಿಗೆ ಮುಗಿದುಹೋಗುತ್ತದೆ. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡ. ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಜಾಗಕ್ಕೆ ಮುಳ್ಳು ಇಳಿಸಿದ. ಹೀಗೆ ಸರದಿ ಮೇಲೆ ಹಾಕುತ್ತ ಹೋದರೆ ಕುಣಿತ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ.

ಇದರಲ್ಲೊಂದು ಊನವಿತ್ತು. ಮುಳ್ಳನ್ನು ಕಣ್ಣಂದಾಜಿನಲ್ಲಿ ಇಳಿಸುತ್ತಿದ್ದುದರಿಂದ ತಾಳ ಕೂಡುತ್ತಿರಲಿಲ್ಲ. ಆ ಊನ ತೆಗೆದವನು ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಅವನು ಮುಳ್ಳು ಎತ್ತುವುದನ್ನೇ ಬಿಟ್ಟ. ಬ್ರೇಕ್ ಶುರುವಾಗುವ ಜಾಗಕ್ಕೆ ರೆಕಾರ್ಡಿನ ಮೇಲೆ ಕ್ರೇಯಾನಿನಲ್ಲಿ ಗೆರೆ ಎಳೆದು, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕೆಂದು ಎಣಿಸಿದ. ಲೆಕ್ಕ ಸರಳ. ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 1.8 ಸೆಕೆಂಡು. ಹಾಡು ನಿಮಿಷಕ್ಕೆ 100 ಏಟಿನದಾದರೆ ಒಂದು ಏಟು 0.6 ಸೆಕೆಂಡು, ಒಂದು ಸುತ್ತಿಗೆ ಮೂರು ಏಟು. ಆವರ್ತಕ್ಕೆ ನಾಲ್ಕು ಏಟಿನಂತೆ ನಾಲ್ಕು ಆವರ್ತದ ಬ್ರೇಕಿಗೆ 16 ಏಟು, ಅಂದರೆ ಐದು ಸುತ್ತು ಮತ್ತು ಮೂರನೇ ಒಂದು ಪಾಲು. ಅಷ್ಟನ್ನು ಕೈಯಲ್ಲಿ ಹಿಂದಕ್ಕೆಳೆದು, ಗೆರೆ ಸರಿಯಾದ ಜಾಗಕ್ಕೆ ಬಂತೆಂದು ನೋಡಿ, ಹೆಡ್‌ಫೋನಿನಲ್ಲಿ ಕೇಳಿ, ಬಿಡಬೇಕು.

ಕೈ ಹೀಗೆ ಆಡಬೇಕಾದರೆ ತಟ್ಟೆ ಕೆಳಗೆ ತಿರುಗುತ್ತಲೇ ಇರಬೇಕು, ರೆಕಾರ್ಡು ಮಾತ್ರ ನಿಲ್ಲಬೇಕು. ಯಂತ್ರದ ಜೊತೆ ಬರುವ ರಬ್ಬರ್ ಹಾಸು ರೆಕಾರ್ಡನ್ನು ಕಚ್ಚಿಕೊಳ್ಳುತ್ತದೆ. ಫ್ಲ್ಯಾಶ್ ಫೆಲ್ಟ್ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಗಂಜಿ ಹಾಕಿ ಗಟ್ಟಿ ಮಾಡಿ ಹಾಸಿದ. ನಮ್ಮ ಮಳೆಗಾಲದ ಥಂಡಿಗೆ ಗಂಜಿ ಮೆತ್ತಗಾಗುತ್ತದೆ. ಆಗ ಹಾಸಿನಡಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ ಇಟ್ಟರೆ ಜಾರುತ್ತದೆ. ಬೆಲ್ಟಿನ ಮೇಲೆ ತಿರುಗುವ ಟರ್ನ್‌ಟೇಬಲ್ ಈ ಕೆಲಸಕ್ಕೆ ಆಗುವುದಿಲ್ಲ. ಕೈ ಒತ್ತಿದಾಗ ವೇಗ ಕುಗ್ಗಿ, ಬಿಟ್ಟಮೇಲೆ ನಿಧಾನವಾಗಿ ಏರುತ್ತದೆ, ಅಷ್ಟರಲ್ಲಿ ಮೊದಲ ಏಟು ಎಳೆದುಕೊಂಡು ಹೋಗಿರುತ್ತದೆ. ಮೋಟರು ನೇರವಾಗಿ ತಟ್ಟೆಗೆ ಕೂತಿರುವ ಟೆಕ್ನಿಕ್ಸ್ ಎಸ್ಎಲ್-1200 ಮಾದರಿ ಡಿಜೆಗಳ ಯಂತ್ರವಾದದ್ದು ಇದೇ ಕಾರಣಕ್ಕೆ. ಕೈಚಲನೆಯ ಸದ್ದನ್ನೇ ವಾದ್ಯ ಮಾಡಿದ ಸ್ಕ್ರ್ಯಾಚ್, ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್‌ನದು.

ರ‍್ಯಾಪ್ ಎಂಬ ತಾಳಕ್ಕೆ ಮಾತು ಪೋಣಿಸುವ ಕಲೆ ಮೊದಲಿಗೆ ಇದರ ಬಾಲವಾಗಿತ್ತು. ಹರ್ಕ್‌ನ ಜೊತೆ ಕೋಕ್ ಲಾ ರಾಕ್ ಮೈಕ್ ಹಿಡಿದು ಸ್ನೇಹಿತರ ಹೆಸರು ಕೂಗುತ್ತ, ಜನರನ್ನು ಹುರಿದುಂಬಿಸುತ್ತ ನಿಲ್ಲುತ್ತಿದ್ದ. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ರೆಕಾರ್ಡಾಗಿ ಮಾರುಕಟ್ಟೆಗೆ ಬಂದಮೇಲೆ ಮಾತು ಮುಂದಾಯಿತು, ಡಿಜೆ ಹಿಂದಾದ.

ಯಂತ್ರಗಳು ಬಂದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಕೊರತೆಯೇ ಕಲೆಗೆ ಆಕಾರ ಕೊಟ್ಟ ಕಥೆ ಅದು. 1987ರ ಎಸ್‌ಪಿ-1200 ಸ್ಯಾಂಪ್ಲರಿನಲ್ಲಿ, ಅಂದರೆ ರೆಕಾರ್ಡಿನ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರದಲ್ಲಿ, ಒಟ್ಟು ಸುಮಾರು 10 ಸೆಕೆಂಡು ಸದ್ದು ಹಿಡಿಯುತ್ತಿತ್ತು. ಅದಕ್ಕೆ 33ರ ರೆಕಾರ್ಡನ್ನು 45ರ ವೇಗದಲ್ಲಿ ತಿರುಗಿಸಿ ತುಂಬಿ, ಒಳಗೆ ಹೋದಮೇಲೆ ಶ್ರುತಿ ಇಳಿಸಿದರೆ 13.5 ಸೆಕೆಂಡಿನ ಸಂಗೀತ ಸಿಗುತ್ತದೆ. ಹಾಗೆ ಇಳಿಸಿದಾಗ ಮೇಲಿನ ಚುರುಕು ಸದ್ದು ಸತ್ತು, ಕಂಬಳಿ ಹೊದ್ದ ಹಾಗೆ ಒರಟು, ಮಬ್ಬು ನಾದ ಬರುತ್ತದೆ. ನ್ಯೂಯಾರ್ಕ್ ಹಿಪ್ ಹಾಪ್‌ನ ಬಣ್ಣವಾಗಿಬಿಟ್ಟದ್ದು ಆ ಮಬ್ಬೇ. 1991ರಲ್ಲಿ ಅನುಮತಿಯಿಲ್ಲದ ಸ್ಯಾಂಪಲ್ ಕಳ್ಳತನವೆಂದು ನ್ಯಾಯಾಲಯ ಹೇಳಿದಮೇಲೆ ಹತ್ತಾರು ರೆಕಾರ್ಡಿನ ತುಣುಕು ಹೊಲಿದು ಹಾಡು ಮಾಡುವುದು ದುಬಾರಿಯಾಯಿತು. ತೀರ್ಪು ಪೂರ್ತಿ ಅನ್ಯಾಯವೇನಲ್ಲ. 1969ರಲ್ಲಿ ಗ್ರೆಗರಿ ಕೋಲ್ಮನ್ ಬಾರಿಸಿದ ಏಳು ಸೆಕೆಂಡಿನ ಡ್ರಮ್ಮು, ‘ಆಮೆನ್ ಬ್ರೇಕ್’, ಸಾವಿರಾರು ಹಾಡುಗಳಿಗೆ ಬೆನ್ನೆಲುಬಾಯಿತು. ಅವರು ಬಡತನದಲ್ಲೇ ತೀರಿಕೊಂಡರು, ಆ ಏಳು ಸೆಕೆಂಡಿನಿಂದ ಅವರಿಗೆ ಸಂದದ್ದು ಏನೂ ಇಲ್ಲ. ಆ ಡ್ರಮ್ಮು ಕೇಳುವಾಗಲೆಲ್ಲ ಇದು ನೆನಪಿರಬೇಕು.

ಬ್ರಾಂಕ್ಸ್‌ನಿಂದ ಹೊರಬಿದ್ದಮೇಲೆ ಇದು ಹೋದಲ್ಲೆಲ್ಲ ಭಾಷೆಯ ಪ್ರಶ್ನೆ ಎದ್ದಿದೆ. ಫ್ರಾನ್ಸ್‌ನಲ್ಲಿ 1984ರಷ್ಟು ಬೇಗ ಟಿವಿಯಲ್ಲಿ ವಾರವಾರವೂ ಹಿಪ್ ಹಾಪ್ ಬರುತ್ತಿತ್ತು. ಸೆನೆಗಲ್‌ನ ಡಕಾರ್‌ನಲ್ಲಿ 1989ರಲ್ಲಿ ಕಟ್ಟಿದ ಪಾಸಿಟಿವ್ ಬ್ಲ್ಯಾಕ್ ಸೋಲ್ ತಂಡ ಅಲ್ಲಿನ ವೊಲೊಫ್ ಭಾಷೆಗೆ ಮೈಕ್ ಕೊಟ್ಟಿತು. ನಮಗೆ ಹೆಚ್ಚು ಪಾಠವಾಗುವುದು ಜಪಾನು. ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಸಾಲಿನ ತುದಿಯಲ್ಲಿ ಪ್ರತ್ಯಯಕ್ಕೆ ಪ್ರತ್ಯಯ ತಾನಾಗಿ ಕೂಡುತ್ತದೆ, ಕೇಳುವವರಿಗೆ ಪ್ರಾಸ ಅನ್ನಿಸುವುದೇ ಇಲ್ಲ. ಕಿಂಗ್ ಗಿದ್ರಾದಂಥ ತಂಡಗಳು 1990ರ ದಶಕದಲ್ಲಿ ವಾಕ್ಯ ಮುರಿದು, ಸಾಲನ್ನು ನಾಮಪದದಲ್ಲಿ ನಿಲ್ಲಿಸಿ, ಹಲವು ಸ್ವರಗಳನ್ನು ಒಟ್ಟಿಗೆ ಕೂಡಿಸಿ ಇದನ್ನು ದಾಟಿದವು. ಭಾರತದಲ್ಲಿ ಬಾಬಾ ಸೆಹಗಲ್ 1992ರಲ್ಲಿ ಮನೆಮಾತಾದರು. 2015ರ ಹೊತ್ತಿಗೆ ಮುಂಬೈಯ ಗಲ್ಲಿಗಳ ಹಿಂದಿ ಬಂತು. ಕನ್ನಡದಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ, ಎಂಸಿ ಬಿಜ್ಜು, ರಾಹುಲ್ ಡಿಟ್ಟೊ ಇವರನ್ನೆಲ್ಲ ಹುಡುಗರು ಬಾಯಿಪಾಠ ಮಾಡಿದ್ದಾರೆ.

ಒಂದು ಮಾತು ನಡುವೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರ ಡಮಾಮಿ ಕುಣಿತವನ್ನು ಆಫ್ರಿಕಾ ಮೂಲ ಎಂಬ ಒಂದೇ ಎಳೆ ಹಿಡಿದು ಹಿಪ್ ಹಾಪ್‌ಗೆ ಗಂಟು ಹಾಕುವುದು ಸರಿಯಲ್ಲ. ಅದು ಅವರದೇ ಕಲೆ, ಅದರ ದಾರಿ ಬೇರೆ.

ಈಗ ಕನ್ನಡದ ಲೆಕ್ಕ. ಒಂದು ಆವರ್ತಕ್ಕೆ ನಾಲ್ಕು ಏಟು, ಒಂದೊಂದು ಏಟಿಗೆ ನಾಲ್ಕು ಪಾಲು, ಒಟ್ಟು 16. ಒಂದು ಪಾಲಿಗೆ ಒಂದು ಮಾತ್ರೆ (ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು) ಇಟ್ಟರೆ ನಾಲ್ಕು ಮಾತ್ರೆಯ ನಾಲ್ಕು ಗಣ. ಪರಿವರ್ಧಿನಿ ಷಟ್ಪದಿಯ ಮೊದಲ ಸಾಲು ಆವರ್ತದೊಳಗೆ ಎಳ್ಳಷ್ಟೂ ಮಿಗದೆ ಕೂರುತ್ತದೆ. ಉದಾಹರಣೆಗೆ,

ಮಳೆಯಲಿ | ನೆನೆಯುವ | ಅಡಿಕೆಯ | ಕೊನೆಯಲಿ
ಕೊಳೆಯದು | ಬಂದರೆ | ಬೆಳೆಯೇ | ನೆಲದಲಿ

ಮೊದಲ ಸಾಲು ಪೂರ್ತಿ ಲಘು, 16 ಅಕ್ಷರ. ನಿಮಿಷಕ್ಕೆ 90 ಏಟಿನಲ್ಲಿ ಸೆಕೆಂಡಿಗೆ ಆರು ಅಕ್ಷರ ಬಾಯಿಂದ ಹೊರಡಬೇಕು. ಎರಡನೆಯದರಲ್ಲಿ ‘ಬಂ’, ‘ಯೇ’ ಗುರುಗಳಿಂದ 14 ಅಕ್ಷರಕ್ಕಿಳಿದು ನಾಲಿಗೆಗೆ ಬಿಡುವು ಸಿಗುತ್ತದೆ. ಹೊಸಬರು ಎಡವುವುದು ಇಲ್ಲೇ, ಅಕ್ಷರ ಎಣಿಸುತ್ತಾರೆ, ಮಾತ್ರೆ ಎಣಿಸುವುದಿಲ್ಲ. ‘ಹತ್ತಿರ’ ಮೂರಕ್ಷರವಾದರೂ ಒತ್ತಕ್ಷರದ ಹಿಂದಿನ ‘ಹ’ ಗುರು, ಆದ್ದರಿಂದ ನಾಲ್ಕು ಮಾತ್ರೆ.

ಪ್ರಾಸ ನೋಡಿ. ‘ಕೊನೆಯಲಿ, ನೆಲದಲಿ’ ತುದಿಯಲ್ಲಿ ಕೂಡಿದ್ದು ವಿಭಕ್ತಿ ಮಾತ್ರ, ಅದಕ್ಕೆ ಬೆಲೆಯಿಲ್ಲ. ಕೆಲಸ ಮಾಡುತ್ತಿರುವುದು ‘ಮಳೆ, ಕೊಳೆ’ ಎಂಬ ಎರಡನೇ ಅಕ್ಷರದ ಪ್ರಾಸ, ಜೊತೆಗೆ ಒಳಗಿನ ‘ಬೆಳೆ’. ತುದಿಯೂ ಗಟ್ಟಿಯಾಗಬೇಕಾದರೆ ಜಪಾನಿನವರ ಉಪಾಯ ನಡೆಯುತ್ತದೆ, ಕ್ರಿಯಾಪದ ಬಿಟ್ಟುಬಿಡಿ:

ಸಾಲದ | ಕಾಗದ | ತೋಟದ | ಬೇಲಿ
ಮೋಡದ | ಹೊಟ್ಟೆಯು | ಎಂದಿಗೆ | ಖಾಲಿ

ಕೊನೆಯ ಗಣ ಮೂರೇ ಮಾತ್ರೆ. ಉಳಿದ ಒಂದರಲ್ಲಿ ಉಸಿರು.

ಇಂಗ್ಲಿಷ್ ರ‍್ಯಾಪ್‌ನ ಎಳೆತವನ್ನು ಹಾಗೇ ಕನ್ನಡಕ್ಕೆ ತಂದರೆ ಮಾತೇ ಕೆಡುತ್ತದೆ. ಒತ್ತು ಕೊಡಲು ಹೋಗಿ ಹ್ರಸ್ವವನ್ನು ಎಳೆದರೆ ‘ಕೊಡು’ ‘ಕೋಡು’ ಆಗುತ್ತದೆ, ‘ನಡು’ ‘ನಾಡು’ ಆಗುತ್ತದೆ. ಒತ್ತು ಬೇಕಾದಲ್ಲಿ ಪದವನ್ನೇ ಸ್ನೇರ್ ಡ್ರಮ್ಮಿನ ಗಡಸು ಪೆಟ್ಟು ಬೀಳುವ ಎರಡನೇ ಅಥವಾ ನಾಲ್ಕನೇ ಏಟಿಗೆ ಸರಿಸಿ. ಮೇಲಿನ ‘ನೆಲದಲಿ’ ನಾಲ್ಕನೇ ಏಟಿಗೇ ಬಿದ್ದು ಕುಟ್ಟಿದ ಹಾಗೆ ಕೇಳುವುದು ಅದಕ್ಕೇ. ಭಜನೆಯ ಅಭ್ಯಾಸದಿಂದ ಕೈ ಒಂದು, ಮೂರಕ್ಕೆ ಚಪ್ಪಾಳೆ ತಟ್ಟುತ್ತದೆ. ಏಟು ಎಣಿಸುವ ಮೆಟ್ರೊನೋಮನ್ನು 90ಕ್ಕಿಟ್ಟು, ಬಾಯಲ್ಲಿ ಏನೂ ಹೇಳದೆ, ಎರಡು ಮತ್ತು ನಾಲ್ಕಕ್ಕಷ್ಟೇ ಹತ್ತು ನಿಮಿಷ ತಟ್ಟಿದ ಮೇಲೆ ಸಾಲು ಹೇಳಿ. ಇನ್ನು ತಕ್ಷಣಕ್ಕೆ ಉತ್ತರ ಹುಟ್ಟಿಸುವ ಬ್ಯಾಟಲ್ ಕಲಿಯಬೇಕೆಂದರೆ ಈ ತಿಂಗಳೇ ಯಾವುದಾದರೂ ತಾಳಮದ್ದಳೆಗೆ ಹೋಗಿ ಕೂತುಕೊಳ್ಳಿ. ಎದುರಿನವನ ಕೊನೆಯ ಮಾತನ್ನೇ ಹಿಡಿದು ಅವನ ಮೇಲೆ ತಿರುಗಿಸುವುದನ್ನು ಅಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿಯಷ್ಟು ಚೆನ್ನಾಗಿ ಕಲಿಸುವವರಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರಿಗೆ: ತಗಡಿನ ಮಾಡಿನ ಕೆಳಗೆ ಬೇಡ, ಮಳೆಯ ಸದ್ದು ಆಮೇಲೆ ತೆಗೆಯಲು ಬರುವುದಿಲ್ಲ. ನಡುಮನೆಯಲ್ಲಿ ಹಗ್ಗಕ್ಕೆ ಎರಡು ಕಂಬಳಿ ಇಳಿಬಿಟ್ಟು, ಅವುಗಳ ನಡುವೆ ನಿಂತು, ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಫೋನ್ ಹಿಡಿಯಿರಿ. ನೇರ ಹಿಡಿದರೆ ‘ಪ’, ‘ಬ’ಗಳ ಗಾಳಿ ಬಡಿಯುತ್ತದೆ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಅದರಲ್ಲಿ ಸದ್ದು ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡು ತಡವಾಗಿ ಕಿವಿಗೆ ಬರುತ್ತದೆ, 90ರ ಲಯದಲ್ಲಿ ಒಂದು ಮಾತ್ರೆಯೇ 167 ಮಿಲಿಸೆಕೆಂಡು. ಎಷ್ಟು ಸರಿಯಾಗಿ ಹೇಳಿದರೂ ಸಾಲು ಒಂದು ಮಾತ್ರೆ ಹಿಂದೆ ಬಿದ್ದಿರುತ್ತದೆ, ತಪ್ಪು ತನ್ನದೇ ಅಂದುಕೊಂಡು ಹುಡುಗರು ಬಿಟ್ಟುಬಿಡುತ್ತಾರೆ. ನೂರು ರೂಪಾಯಿಯ ವೈರಿನದು ಸಾಕು.