ಡೋನಟ್ ತರುವ ಹುಡುಗ

14 ಸೆಪ್ಟೆಂಬರ್ 2025, ಭಾನುವಾರ ರಾತ್ರಿ
ನವನಗರ, ಬಾಗಲಕೋಟೆ

ಬೆಳಿಗ್ಗೆ ಸಣ್ಣ ಮಳೆ ಬಂತು, ಅದರ ಹಿಂದೆಯೇ ಕರೆಂಟ್ ಹೋಯಿತು. ಹನ್ನೊಂದಕ್ಕೆ ವಾಪಸ್ ಬಂದಾಗ ಅವ್ವ ಮೊದಲು ಕೇಳಿದ್ದು ಫ್ಯಾನ್ ಅಲ್ಲ, ಚಹಾ ಅಲ್ಲ. "ಆ ರಕ್ತದ ಹುಡುಗನ್ನ ಹಚ್ಚತೀಯೇನು?"

ರಕ್ತದ ಹುಡುಗ ಅಂದರೆ ಡೆಕ್ಸ್ಟರ್. ಅಮೆರಿಕದ ಧಾರಾವಾಹಿ, 2006ರಿಂದ 2013ರವರೆಗೆ ಎಂಟು ಸೀಸನ್, ಒಟ್ಟು 96 ಎಪಿಸೋಡ್. ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಹಗಲು ಮಯಾಮಿ ಪೊಲೀಸರ ಜೊತೆ ಕೆಲಸ, ಗೋಡೆ ಮೇಲೆ ಚಿಮ್ಮಿದ ರಕ್ತ ನೋಡಿ ಕೊಲೆ ಹೇಗಾಯಿತು ಅಂತ ಹೇಳುವುದು. ರಾತ್ರಿಯದು ಬೇರೆ ಕೆಲಸ. ಕೊಲೆ ಮಾಡಿ ಕೋರ್ಟಿನಿಂದ ತಪ್ಪಿಸಿಕೊಂಡವರನ್ನು ಹುಡುಕಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಕೊಂದು, ಕಪ್ಪು ಚೀಲದಲ್ಲಿ ತುಂಬಿ ಸಮುದ್ರಕ್ಕೆ ಎಸೆಯುವುದು. ನಾನು ಇದನ್ನು ಲ್ಯಾಬ್ ಕೋರ್ಸ್ ಓದುವಾಗ ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ಕೂತು ನೋಡಿದ್ದೆ. ಈ ಜುಲೈನಲ್ಲಿ ಡೆಕ್ಸ್ಟರ್ ಪಾತ್ರದ ಅದೇ ನಟ ಮೈಕೆಲ್ ಸಿ. ಹಾಲ್ ಹೊಸ ಭಾಗದಲ್ಲಿ ಮತ್ತೆ ಬಂದಿದ್ದಾನೆ ಅಂತ ಗೊತ್ತಾದ ಮೇಲೆ, ಹೊಸದಕ್ಕೆ ಮುಂಚೆ ಹಳೆಯದನ್ನು ಇನ್ನೊಮ್ಮೆ ನೋಡೋಣ ಅನಿಸಿತು. ಅಷ್ಟರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಕಾಲಿಗೆ ಪ್ಲಾಸ್ಟರ್, ಟಿವಿ ಇರುವ ಕೋಣೆಯಲ್ಲೇ ಮಂಚ. ಅವಳ ಧಾರಾವಾಹಿಗಳು ಅವಳಿಗೇ ಬೇಸರ ಬಂದಿವೆ. "ಆ ಸೊಸಿ ಮೂರು ದಿನದಿಂದ ಮೆಟ್ಟಿಲಾ ಇಳಿಯಾಕತ್ತಾಳ" ಅಂತ ಆರಿಸಿಬಿಟ್ಟಳು. ಹೀಗೆ ಶುರುವಾಗಿದ್ದು.

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಇದು ನೆನಪಿರಲಿ, ಇವತ್ತು ಬರೆಯಬೇಕು ಅನಿಸಿದ್ದೇ ಇದರಿಂದ.

ಮೊದಲ ದಿನ ಆಗಿದ್ದು ತಮಾಷೆ. ಎಪಿಸೋಡುಗಳ ಶುರುವಿಗೆ ಅವನ ಬೆಳಗಿನ ದಿನಚರಿ ಬರುತ್ತದೆ. ಕೈ ಮೇಲೆ ಕೂತ ಸೊಳ್ಳೆಯನ್ನು ಹೊಡೆಯುತ್ತಾನೆ. ಗಡ್ಡ ಕೆರೆಯುವಾಗ ಒಂದು ಹನಿ ರಕ್ತ. ಮಾಂಸದ ತುಂಡು ಬಾಣಲೆಗೆ ಬೀಳುತ್ತದೆ, ಮೊಟ್ಟೆ ಒಡೆಯುತ್ತದೆ, ಕೆಂಪು ಕಿತ್ತಳೆ ಹಿಂಡುತ್ತಾನೆ, ಹಲ್ಲಿನ ಸಂದಿಗೆ ದಾರ ಹಾಕುತ್ತಾನೆ, ಷೂ ಲೇಸನ್ನು ಯಾರದೋ ಕುತ್ತಿಗೆ ಬಿಗಿದಂತೆ ಬಿಗಿಯುತ್ತಾನೆ. ಒಂದೂ ಕೊಲೆ ಇಲ್ಲ, ಆದರೂ ನೋಡುತ್ತಾ ನೋಡುತ್ತಾ ಮೈ ಜುಮ್ ಅನ್ನುತ್ತದೆ. ಈ ಟೈಟಲ್ಲಿಗೇ 2007ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು, ಸುಮ್ನೆ ಬಂದಿದ್ದಲ್ಲ. ಅವ್ವ ಪೂರ್ತಿ ನೋಡಿ, ಮುಖ ಕಿವುಚಿ, "ಥೂ, ಮುಂಜಾನೆದ್ದು ತತ್ತಿ ತಿಂತಾನ" ಅಂದಳು.

ನಾನು ಸುಮ್ಮನಾದೆ. ಯಾಕೆಂದರೆ ನಾನೂ ತಿನ್ನುತ್ತೇನೆ. ಈರುಳ್ಳಿ ಬೆಳ್ಳುಳ್ಳಿಗೇ ಸೋಮವಾರ ರಜೆ ಕೊಡುವ ಮನೆ ನಮ್ಮದು. ಆದರೆ ಸುಮಾರು ಹದಿನಾಲ್ಕು ವರ್ಷದಿಂದ, ವಾರಕ್ಕೆ ಎರಡು ಸಲ, ಡ್ಯೂಟಿ ಮುಗಿಸಿ ಬರುವಾಗ ಎಗ್‌ರೈಸ್ ಗಾಡಿ ಮುಂದೆ ಬೈಕ್ ನಿಲ್ಲುತ್ತದೆ. ಅದಕ್ಕೂ ಒಂದು ಪದ್ಧತಿ ಇದೆ. ಹೆಲ್ಮೆಟ್ ತೆಗೆಯುವುದಿಲ್ಲ, ಗಾಜು ಮಾತ್ರ ಎತ್ತುತ್ತೇನೆ. ತಿಂದ ಮೇಲೆ ಬಡೇಸೋಪು, ಒಂದು ಲವಂಗ, ಕೈಗೆ ಲ್ಯಾಬಿನ ಸ್ಯಾನಿಟೈಸರ್. ಮನೆಗೆ ಬಂದು ನೇರ ಬಚ್ಚಲಿಗೆ. ಡೆಕ್ಸ್ಟರ್ ಪ್ಲಾಸ್ಟಿಕ್ ಹಾಸುವಾಗಿನ ಶ್ರದ್ಧೆ ನೋಡಿದಾಗಲೆಲ್ಲ ನನಗೆ ಈ ಲವಂಗ ನೆನಪಾಗುತ್ತದೆ, ಏನು ಮಾಡಲಿ.

ಇನ್ನೊಂದು ನಂಟೂ ಇದೆ. ನನ್ನ ಕೆಲಸವೂ ರಕ್ತವೇ. ಊರಲ್ಲಿ ಒಂದು ಲ್ಯಾಬಿನಲ್ಲಿ ದಿನಕ್ಕೆ ಐವತ್ತು ಅರವತ್ತು ಸ್ಯಾಂಪಲ್ ನೋಡುತ್ತೇನೆ. ಹಾಗಾಗಿ ಅವನ ಸ್ಲೈಡ್ ಡಬ್ಬಿ ಕಂಡಾಗ ಉಳಿದವರಿಗೆ ಭಯ ಆದರೆ ನನಗೆ ಕಿರಿಕಿರಿ. ಅವನು ಕೊಲ್ಲುವ ಮುಂಚೆ ಕೆನ್ನೆಗೆ ಸಣ್ಣ ಗೀರು ಹಾಕಿ, ಒಂದು ಹನಿ ತೆಗೆದು, ಗಾಜಿನ ಸ್ಲೈಡಿನ ನಡುವೆ ಇಟ್ಟು ಮೇಲೆ ತೆಳು ಗಾಜು ಮುಚ್ಚುತ್ತಾನೆ. ಅಷ್ಟೇ. ಅದು ಹೆಪ್ಪುಗಟ್ಟಿ ಒಣಗಿದ ದಪ್ಪ ಕಲೆ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಏನೂ ಕಾಣುವುದಿಲ್ಲ. ನಾವು ಸ್ಮಿಯರ್ ಮಾಡುವುದು, ಅಂದರೆ ರಕ್ತವನ್ನು ಸ್ಲೈಡಿನ ಮೇಲೆ ತೆಳ್ಳಗೆ ಹರಡುವುದು, ಬೇರೆ ಥರ. ಸ್ಲೈಡಿನ ಒಂದು ತುದಿಗೆ ಹನಿ, ಇನ್ನೊಂದು ಸ್ಲೈಡನ್ನು 30-45 ಡಿಗ್ರಿ ಓರೆ ಹಿಡಿದು ಒಂದೇ ಎಳೆತಕ್ಕೆ ಮುಂದೆ ತಳ್ಳಬೇಕು. ನಾಲಿಗೆಯ ಆಕಾರ ಬಂದು ತುದಿ ತೆಳ್ಳಗಾಗಬೇಕು. ಒಣಗಿದ ಮೇಲೆ ಲೀಷ್ಮನ್ ಸ್ಟೇನ್, ಅಂದರೆ ರಕ್ತಕಣ ಕಾಣಲು ಹಾಕುವ ಬಣ್ಣ. ಆಮೇಲೆ ಹೆಸರು, ನಂಬರು, ತಾರೀಕು. ಇವನ ಸ್ಲೈಡಿಗೆ ಹೆಸರೇ ಇಲ್ಲ! ನಮ್ಮಲ್ಲಾದರೆ ರಿಜೆಕ್ಟ್. ಯಾವ ಹನಿ ಯಾರದು ಅಂತ ಅವನಿಗೆ ಬಾಯಿಪಾಠ ಇರಬೇಕು.

ಕೆಲಸದ ಜಾಗದಲ್ಲಿ ಮಾತ್ರ ಅವನು ಹೇಳುವುದು ಹೆಚ್ಚು ಕಡಿಮೆ ಸರಿ. ನೇರ ಕೆಳಗೆ ಬಿದ್ದ ಹನಿ ಗುಂಡಗಿರುತ್ತದೆ, ಓರೆಯಾಗಿ ಬಡಿದಿದ್ದು ಉದ್ದ ಆಗುತ್ತದೆ. ಕಲೆಯ ಅಗಲವನ್ನು ಉದ್ದದಿಂದ ಭಾಗಿಸಿದರೆ ಬಡಿದ ಕೋನದ ಸೈನ್ (ಗಣಿತದ್ದು) ಬೆಲೆ ಸಿಗುತ್ತದೆ, ಅದರಿಂದ ಕೋನ. ಹತ್ತಾರು ಕಲೆಗಳಿಂದ ಹೀಗೆ ದಾರ ಎಳೆದರೆ ಅವೆಲ್ಲ ಕೂಡುವ ಜಾಗ ತಿಳಿಯುತ್ತದೆ, ಅಂದರೆ ಏಟು ಬಿದ್ದಾಗ ಆ ಮನುಷ್ಯ ನಿಂತಿದ್ದನೋ ಕೂತಿದ್ದನೋ ಅನ್ನುವುದು. ಅವನು ಕೋಣೆ ತುಂಬಾ ಕೆಂಪು ದಾರ ಕಟ್ಟುವುದು ಇದಕ್ಕೇ. ಆದರೆ ಟಿವಿಯಲ್ಲಿ ಕಾಣುವಷ್ಟು ಖಾತ್ರಿ ಇದರಲ್ಲಿ ಇಲ್ಲ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೇ ತನ್ನ ವರದಿಯಲ್ಲಿ ಈ ವಿದ್ಯೆಯಲ್ಲಿ ಅನಿಶ್ಚಯ ಬಹಳ ದೊಡ್ಡದು ಅಂತ ಹೇಳಿತು. ಇದನ್ನು ಅವ್ವನಿಗೆ ದಾರ ತೋರಿಸಿ ವಿವರಿಸಲು ಹೋದೆ. "ಹೂವಿನ ಮಾಲಿ ಕಟ್ಟಾಕತ್ತಾನಂತ ತಿಳಿದಿದ್ದೆ" ಅಂದಳು.

ಸರಿ, ವಿಷಯಕ್ಕೆ ಬರುತ್ತೇನೆ.

ಡೆಕ್ಸ್ಟರ್ ನೋಡಿದವರಿಗೆಲ್ಲ ಅವನು ಇಷ್ಟ. ನನಗೂ ಇಷ್ಟ. ಯಾಕೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅವ್ವನ ಜೊತೆ ಎಂಟೊಂಬತ್ತು ಎಪಿಸೋಡ್ ನೋಡಿದ ಮೇಲೆ ತಿಳಿಯಿತು, ಕಾರಣ ಅವನ ದನಿ. ಇಡೀ ಕಥೆಯ ಮೇಲೆ ಅವನ ಒಳಮಾತು ಓಡುತ್ತಿರುತ್ತದೆ. ನಮ್ಮ ಪಾರಿಜಾತದ ಆಟದಲ್ಲಿ ಭಾಗವತ ನಡುವೆ ಬಾಯಿ ಹಾಕಿ ನಗಿಸುತ್ತಾನಲ್ಲ, ಹಾಗೆ. ಇಲ್ಲಿ ಭಾಗವತನೂ ಅವನೇ, ವೇಷದವನೂ ಅವನೇ. ಜನ ಯಾಕೆ ಅಳುತ್ತಾರೆ ಗೊತ್ತಾಗಲ್ಲ ಅನ್ನುತ್ತಾನೆ, ಪ್ರೀತಿ ಮಾಡೋದು ಹೇಗೆ ಅಂತ ಕಲಿಯುತ್ತಿದ್ದೇನೆ ಅನ್ನುತ್ತಾನೆ, ತನ್ನನ್ನೇ ಚೇಷ್ಟೆ ಮಾಡಿಕೊಳ್ಳುತ್ತಾನೆ. ಆ ಇಡೀ ಊರಲ್ಲಿ ಅವನ ನಿಜ ಗೊತ್ತಿರುವುದು ನಮಗೆ ಮಾತ್ರ. ಗುಟ್ಟು ಹೇಳಿದವನನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಅವ್ವನಿಗೆ ಆ ದನಿ ಬರೀ ಗುಂಯ್ ಅನ್ನುವ ಸದ್ದು. ಅವಳಿಗೆ ಕಾಣುವುದು ಅವನು ಮಾಡುವುದು ಮಾತ್ರ.

ಅದಕ್ಕೇ ಹಗಲಿನ ಡೆಕ್ಸ್ಟರ್ ಅವಳಿಗೆ ಚಿನ್ನದಂಥ ಹುಡುಗ. ಆಫೀಸಿಗೆ ಡಬ್ಬಿ ತುಂಬ ಡೋನಟ್ ತಂದು ಎಲ್ಲರಿಗೂ ಹಂಚುತ್ತಾನೆ. ತಂಗಿ ಬೈದರೂ ನಗುತ್ತಾನೆ. ಎರಡು ಮಕ್ಕಳ ತಾಯಿ ರೀಟಾಳ ಜೊತೆ ಎಷ್ಟು ಮೆತ್ತಗೆ ಮಾತಾಡುತ್ತಾನೆ, ಅವಳ ಮಕ್ಕಳ ಜೊತೆ ಆಡುತ್ತಾನೆ. "ಚೊಲೋ ಮನಿತನದ ಹುಡುಗ ಕಾಣ್ತಾನ, ಉಡಾಳ ಅಲ್ಲ." ಆದರೆ ಪ್ಲಾಸ್ಟಿಕ್ ಕೋಣೆಯೂ ಬಂತಲ್ಲ. ನಾನು ಗಡಿಬಿಡಿಯಲ್ಲಿ, "ಅವ್ವಾ, ಆ ಮಲಗಿದಾಂವ ಸಣ್ಣ ಹುಡುಗರನ್ನ ಕೊಂದಾನ, ಅದಕ್ಕ ಇಂವ..." ಅಂತ ವಕಾಲತ್ತು ಶುರು ಮಾಡಿದೆ. ಅವಳು ನನ್ನ ಮಾತು ಕೇಳಲೇ ಇಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಅಂವ ಸಿಟ್ಟಿಗೆದ್ದಿಲ್ಲ ನೋಡು" ಅಂದಳು. "ಹಬ್ಬದ ಅಡಿಗಿ ಮಾಡಿದಂಗ ಮಾಡಾಕತ್ತಾನ."

ಇದು ತಲೆಯಲ್ಲಿ ಕೂತುಬಿಟ್ಟಿತು. ಮೊನ್ನೆ ಅವಳು ಮಲಗಿದ ಮೇಲೆ ಸೌಂಡ್ ಪೂರ್ತಿ ತೆಗೆದು, ಸಬ್‌ಟೈಟಲ್ ಬಂದ್ ಮಾಡಿ, ಮೊದಲ ಎಪಿಸೋಡನ್ನು ಮತ್ತೆ ಹಾಕಿದೆ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಆಗಲಿಲ್ಲ. ದನಿ ಇಲ್ಲದ ಡೆಕ್ಸ್ಟರ್ ಬೇರೆಯೇ ಮನುಷ್ಯ. ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗುತ್ತಾನೆ. ಯಾರೂ ನೋಡದಿದ್ದಾಗ ಮುಖದಲ್ಲಿ ಏನೂ ಇರುವುದಿಲ್ಲ, ಬಣ್ಣ ಬಳಿಯದ ಗೋಡೆ ಹಾಗೆ. ಸಾರ್ಜೆಂಟ್ ಡೋಕ್ಸ್ ಒಬ್ಬನೇ ಇವನನ್ನು ಕಂಡರೆ ಹುಬ್ಬು ಗಂಟಿಕ್ಕುತ್ತಾನೆ. ಅವನನ್ನು ನಾವೆಲ್ಲ ರೂಮಿನಲ್ಲಿ ಕೂತು ಬೈದಿದ್ದೇ ಬೈದಿದ್ದು, ಸುಮ್ನೆ ಇವನ ಬೆನ್ನು ಹತ್ತಿದ್ದಾನೆ ಅಂತ. ಪಾಪ, ಠಾಣೆಯಲ್ಲಿ ಕಣ್ಣು ನೆಟ್ಟಗಿದ್ದವನು ಅವನೊಬ್ಬನೇ.

ಹಾಗಂತ ಸೀರಿಯಲ್ ಕೆಟ್ಟದ್ದು ಅನ್ನುತ್ತಿಲ್ಲ. ನಾಲ್ಕನೇ ಸೀಸನ್, ಅದೇ 2009ರದ್ದು, ನಟ ಜಾನ್ ಲಿಥ್‌ಗೋ ಬರುವುದು, ನಾನು ನೋಡಿದ ಧಾರಾವಾಹಿಗಳಲ್ಲೇ ಅದು ತುದಿ. ಅಲ್ಲಿ ಕೊಲೆಗಾರ ಒಬ್ಬ ಮೇಷ್ಟ್ರು. ಹೆಂಡತಿ, ಮಕ್ಕಳು, ಚರ್ಚು, ಬಡವರಿಗೆ ಮನೆ ಕಟ್ಟಿಕೊಡುವ ಸೇವೆ. ಅವನಿಗೆ ಒಳಮಾತು ಕೊಟ್ಟಿಲ್ಲ ನೋಡಿ, ಅದಕ್ಕೇ ಅವನನ್ನು ಕಂಡರೆ ನಮಗೆ ಭಯ. ಎಂಟನೇ ಸೀಸನ್ ಬಗ್ಗೆ ಮಾತು ಬೇಡ. ಕೊನೆಗೆ ಮರ ಕಡಿಯುವವನಾಗಿ ಕಾಡಲ್ಲಿ ಕೂರಿಸಿದರು, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮೇಷ್ಟ್ರು ಅಂದ ಕೂಡಲೇ ಅವ್ವ ಇವತ್ತು ಹೇಳಿದ್ದು ನೆನಪಾಯಿತು. ಮಧ್ಯಾಹ್ನ ಅವಲಕ್ಕಿ ತಿನ್ನುತ್ತಾ, "ಮ್ಯಾಲೆ ಬಸಪ್ಪ, ಒಳಗ ವಿಷಪ್ಪ. ಆ ಮಂಗಳೂರ ಕಡೆ ಸೈನೈಡ್ ಮಾಸ್ತರ ಇದ್ದನಲ್ಲ, ಅವನೂ ಹಿಂಗಽ" ಅಂದಳು. ಮೋಹನ್ ಕುಮಾರ್. ಅವನು ಸಿಕ್ಕಿದ್ದೂ 2009ರ ಅಕ್ಟೋಬರ್‌ನಲ್ಲಿ. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲೆಯಲ್ಲಿ ಆಟ ಕಲಿಸುತ್ತಿದ್ದವನು. 2003ರಿಂದ 2009ರೊಳಗೆ ಇಪ್ಪತ್ತು ಹೆಣ್ಣುಮಕ್ಕಳು. ವರದಕ್ಷಿಣೆ ಇಲ್ಲದೆ ಮದುವೆ ಆಗುತ್ತೇನೆ ಅಂತ ನಂಬಿಸಿ ಬೇರೆ ಊರಿಗೆ ಕರೆದುಕೊಂಡು ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಮಾತ್ರೆ ಅಂತ ವಿಷ ಕೊಟ್ಟು, ಒಡವೆ ಎತ್ತಿಕೊಂಡು ಹೋಗುತ್ತಿದ್ದ. ಹುಡುಗಿ ಯಾರ ಜೊತೆಗೋ ಓಡಿಹೋದಳು ಅಂದುಕೊಂಡು ದೂರನ್ನೇ ಕೊಡದ ಮನೆಗಳಿದ್ದವು. ಕೊನೆಗೆ ಫೋನ್ ಕರೆಗಳ ಜಾಡು ಹಿಡಿದು ಪೊಲೀಸರು ಅವನ ಹತ್ತಿರ ಬಂದರು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ಕೋರ್ಟು ಮೊದಲ ಕೇಸುಗಳಲ್ಲಿ ಶಿಕ್ಷೆ ಕೊಟ್ಟಿತು.

ಡೆಕ್ಸ್ಟರ್ ಕಥೆಯಲ್ಲಿ ಸಾಕುತಂದೆ ಹ್ಯಾರಿ ಹೇಳಿಕೊಟ್ಟ ಒಂದು ಕಟ್ಟಳೆ ಇದೆ. ಕೊಲೆಗಾರರನ್ನು ಮಾತ್ರ ಕೊಲ್ಲು, ಖಾತ್ರಿ ಮಾಡಿಕೊಂಡು ಕೊಲ್ಲು, ಸಿಕ್ಕಿಬೀಳಬೇಡ. ಸೀರಿಯಲ್ಲಿನ ಕಣ್ಕಟ್ಟು ಇರುವುದೇ ಇಲ್ಲಿ. ಆ ಮೇಜಿನ ಮೇಲೆ ಮಲಗುವವರು ನಾವು ಅಳಬೇಕಾದವರಲ್ಲ, ಹಾಗೆ ಆರಿಸಿ ಮಲಗಿಸಿದ್ದಾರೆ. ನಿಜದ ಮಾಸ್ತರನಿಗೆ ಬೇಕಿದ್ದಿದ್ದು ಯಾರೂ ಹುಡುಕಿಕೊಂಡು ಬರದ ಬಡ ಹುಡುಗಿಯರು. ಇದನ್ನು ಅವ್ವನಿಗೆ ಹೇಳಲು ಹೋಗಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅಲ್ವಾ.

ಅವಳ ಚಿಂತೆ ಬೇರೆ. ಇಂಥವನು ಅಷ್ಟು ವರ್ಷ ಅದೇ ಮನೆಯಲ್ಲಿ ಹೇಗೆ ಇರುತ್ತಾನೆ, ಬಾಜೂ ಮಂದಿಗೆ ವಾಸನೆ ಬಡಿಯುವುದಿಲ್ಲವೇ? ಅವಳು ಹೇಳುವುದು ಹಳೇ ಬಾಗಲಕೋಟೆಯ ಲೆಕ್ಕ. ಆಲಮಟ್ಟಿ ಹಿನ್ನೀರಿಗೆ ಹೋದ ನಮ್ಮ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಸಂಜೆ ಆದರೆ ಕಟ್ಟೆ ತುಂಬಾ ಜನ. ಯಾರ ಮನೆಯಲ್ಲಿ ಒಗ್ಗರಣೆ ಕರಕಾಯಿತು ಅನ್ನುವುದು ಆ ಮನೆಯವರಿಗಿಂತ ಮೊದಲು ಕಟ್ಟೆಗೆ ಗೊತ್ತು. ಪರಿಹಾರ ತಗೊಂಡು ಇಲ್ಲಿ ನವನಗರಕ್ಕೆ ಬಂದ ಮೇಲೆ ಅಗಲ ರಸ್ತೆ, ಸೆಕ್ಟರ್ ನಂಬರು, ಎದೆಮಟ್ಟ ಕಂಪೌಂಡು. ಎದುರು ಮನೆಯವರ ಅಡ್ಡಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಹಳೇ ಓಣಿಯಲ್ಲಿದ್ದಿದ್ದರೆ ನನ್ನ ಎಗ್‌ರೈಸ್ ಎರಡು ದಿನ ನಡೆಯುತ್ತಿರಲಿಲ್ಲ. ಡೆಕ್ಸ್ಟರನ ಕೆಲಸ ಮಾತ್ರ ಇಲ್ಲೂ ಸಾಗುವುದಿಲ್ಲ. ಅವನಿಗೆ ಸಮುದ್ರ ಇದೆ. ನಮ್ಮ ಹಿನ್ನೀರು ಈಗ ತುಂಬಿ ನಿಂತಿದೆ, ಬೇಸಿಗೆಗೆ ಇಳಿದರೆ ಹಳೇ ಮನೆಗಳ ಬುನಾದಿಯೇ ಎದ್ದು ಕಾಣುತ್ತದೆ. ಚೀಲ ಕಾಣದೇ ಇರುತ್ತದೆಯೇ?

ಸಂಜೆ ಎಂಟನೇ ಎಪಿಸೋಡ್ ನೋಡಿದೆವು. ಅದರ ಕೊನೆಗೆ ತಂಗಿ ಡೆಬ್ರಾಳ ಹೊಸ ಗೆಳೆಯನೇ ಠಾಣೆಯವರೆಲ್ಲ ಹುಡುಕುತ್ತಿರುವ ಕೊಲೆಗಾರ ಅನ್ನುವುದು ಬಯಲಾಗುತ್ತದೆ. ಕೃತಕ ಕೈಕಾಲು ಮಾಡಿಕೊಡುವ ನಗುಮುಖದ ಡಾಕ್ಟರಂಥವನು. ಅವ್ವ ಮಂಚದಲ್ಲಿ ಎದ್ದು ಕೂತುಬಿಟ್ಟಳು. "ಅಯ್ಯ ಶಿವನ, ಆ ಹುಡುಗಿಗೆ ಯಾರರ ಹೇಳ್ರೋ! ಅಣ್ಣಾನೂ ಹಂಗ, ಇಂವನೂ ಹಂಗ. ಆಕಿ ಎಲ್ಲಿಗೆ ಹೋಗಬೇಕು?" ಆಮೇಲೆ ಒಂಬತ್ತನೆಯದನ್ನೂ ಹಚ್ಚಿಸಿದಳು, ಡೆಬ್ರಾಳಿಗೆ ಏನೂ ಆಗಲಿಲ್ಲ ಅನ್ನುವುದು ಗೊತ್ತಾಗುವವರೆಗೆ ಗುಳಿಗೆಯನ್ನೂ ತಗೊಳ್ಳಲಿಲ್ಲ.

ಗುಳಿಗೆ ಕೊಡುವಾಗ ಮೆಲ್ಲಗೆ ಅಂದಳು. "ಗಾಡಿ ಮುಂದ ಹೆಲ್ಮೆಟ್ ಹಾಕ್ಕೊಂಡ ತಿಂದರ ಮಂದಿಗೆ ಗೊತ್ತಾಗಂಗಿಲ್ಲ ಅಂತ ತಿಳಿದೀಯೇನು? ಬೈಕ್ ನಂಬರ್ ಇರಂಗಿಲ್ಲೇನ?"

ನೀರಿನ ಲೋಟ ನನ್ನ ಕೈಯಲ್ಲೇ ಇತ್ತು. ಎಷ್ಟು ವರ್ಷದಿಂದ ಗೊತ್ತು ಅಂತ ಕೇಳಲು ಬಾಯಿ ಬರಲಿಲ್ಲ. ಅವಳೂ ಆ ಮಾತನ್ನು ಅಲ್ಲಿಗೇ ಬಿಟ್ಟು ಡೆಕ್ಸ್ಟರಿಗೆ ಹೊರಳಿದಳು.

"ಅಲ್ಲೋ, ಆ ಗಾಜಿನ ಡಬ್ಬಿ ಏಸಿ ಒಳಗ ಇಡ್ತಾನಲ್ಲ. ಅದರ ಜಾಳಿಗಿ ತೊಳಿಯಾಕ ಯಾರೂ ಬರಂಗಿಲ್ಲೇನು? ನಮ್ಮ ಮನ್ಯಾಗ ಮಾರ್ಚ್ ತಿಂಗಳಾಗ ಮೆಕ್ಯಾನಿಕ್ ಬಂದು ಎಲ್ಲಾ ಬಿಚ್ಚತಾನ. ಅಲ್ಲೇ ಸಿಗತಾನ ನೋಡು ಇಂವ."

ನಾನು ಏನೂ ಹೇಳಲಿಲ್ಲ. ಡೋಕ್ಸ್ ಆ ಏಸಿಗೆ ಕೈ ಹಾಕುವುದು ಎರಡನೇ ಸೀಸನ್ನಿನಲ್ಲಿ. ಮೊದಲನೆಯದೇ ಇನ್ನೂ ಮೂರು ಎಪಿಸೋಡ್ ಇವೆ, ನಾಳೆ ನನಗೆ ಏಳು ಗಂಟೆಗೆ ಡ್ಯೂಟಿ.